ಹುದ್ದೆಯ ಹೆಸರು ಬಿಡಿ, ಕ್ರಿಯಾಪದ ನೋಡಿ: ಭಾಷಾವಿಜ್ಞಾನದ ಕೆಲಸಗಳಲ್ಲಿ ಆರಿಸಿಕೊಳ್ಳುವ ಬಗೆ

ಎರಡು ಜಾಹೀರಾತುಗಳನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಎರಡರ ತಲೆಯ ಮೇಲೂ ‘ಲಿಂಗ್ವಿಸ್ಟ್ ಬೇಕಾಗಿದ್ದಾರೆ’ ಅಂತ ಇದೆ. ಎರಡೂ ಭಾಷಾವಿಜ್ಞಾನದಲ್ಲಿ ಎಂ.ಎ. ಕೇಳುತ್ತವೆ. ಎರಡರಲ್ಲೂ ‘ಭಾಷೆಯ ಬಗ್ಗೆ ಆಸಕ್ತಿ ಇರಬೇಕು’ ಅನ್ನುವ ಸಾಲು ಇದೆ. ಮೊದಲನೆಯದಕ್ಕೆ ಸೇರಿದವರು ದಿನಕ್ಕೆ ಎಂಟು ಗಂಟೆ ಕುಳಿತು ವಾಕ್ಯಗಳಲ್ಲಿನ ಪದಗಳಿಗೆ ‘ಇದು ನಾಮಪದ, ಇದು ಕ್ರಿಯಾಪದ’ ಅನ್ನುವಂಥ ಲೇಬಲ್ ಹಚ್ಚುತ್ತಾರೆ. ಎರಡನೆಯದಕ್ಕೆ ಸೇರಿದವರು ಆ ಲೇಬಲ್‌ಗಳು ಯಾವುವು, ಎಷ್ಟಿರಬೇಕು, ಗೊಂದಲ ಬಂದಾಗ ಏನು ಮಾಡಬೇಕು ಅಂತ ನಿಯಮ ಬರೆಯುತ್ತಾರೆ. ಹೆಸರು ಒಂದೇ. ದಿನ ಕಳೆಯುವ ರೀತಿ ಬೇರೆ, ಸಂಬಳ ಬೇರೆ, ಮೂರು ವರ್ಷದ ನಂತರ ಕೈಯಲ್ಲಿ ಉಳಿಯುವುದೂ ಬೇರೆ.

ಅದಕ್ಕೇ ಯಾರಾದರೂ ಜಾಹೀರಾತು ತೋರಿಸಿ ‘ಇದಕ್ಕೆ ಅರ್ಜಿ ಹಾಕಲಾ?’ ಅಂತ ಕೇಳಿದರೆ ನಾನು ಮೊದಲು ಹೇಳುವುದು ಒಂದೇ ಮಾತು. ಪೆನ್ಸಿಲ್ ತಗೊಂಡು ಕ್ರಿಯಾಪದಗಳ ಕೆಳಗೆ ಗೆರೆ ಎಳೆಯಿರಿ. ನಾಮಪದಗಳನ್ನು ಬಿಟ್ಟುಬಿಡಿ, ಅವು ಹೇಗಿದ್ದರೂ ಚೆನ್ನಾಗಿಯೇ ಇರುತ್ತವೆ. ವಿಶೇಷಣಗಳನ್ನಂತೂ ನೋಡಲೇಬೇಡಿ. ‘ಗುರುತಿಸುವುದು, ಪರಿಶೀಲಿಸುವುದು, ದಿನದ ಗುರಿ ಮುಟ್ಟುವುದು’ ಅಂತ ಇದ್ದರೆ ಅದು ಲೇಬಲ್ ಹಚ್ಚುವ ಕೆಲಸ. ‘ವಿನ್ಯಾಸ ಮಾಡುವುದು, ಬರೆಯುವುದು, ವಿಶ್ಲೇಷಿಸುವುದು’ ಅಂತ ಇದ್ದರೆ ನಿಯಮ ಬರೆಯುವ ಕೆಲಸ. ‘ಕಟ್ಟುವುದು, ಮಾದರಿಗೆ ತರಬೇತಿ ಕೊಡುವುದು, ಚಾಲನೆಯಲ್ಲಿ ಇಡುವುದು’ ಅಂದರೆ ಇಂಜಿನಿಯರ್ ಕೆಲಸ (ಇಲ್ಲಿ ಮಾದರಿ ಅಂದರೆ ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ). ‘ಪಾಠ ಮಾಡುವುದು, ಪ್ರಕಟಿಸುವುದು, ಅನುದಾನ ತರುವುದು’ ಅಂದರೆ ವಿಶ್ವವಿದ್ಯಾಲಯ. ಭಾಷೆ ಓದಿದವರಿಗೆ ಇದಕ್ಕಿಂತ ಸಹಜವಾದ ದಾರಿ ಇನ್ನೊಂದಿಲ್ಲ, ಅಲ್ವಾ?

ನನ್ನ ಮೊದಲ ಕೆಲಸವನ್ನು ನಾನು ಹೆಸರು ನೋಡಿಯೇ ಒಪ್ಪಿಕೊಂಡೆ. ಮೂರು ಮೂರು ತಿಂಗಳಿಗೆ ಮುಂದುವರಿಯುವ ಗುತ್ತಿಗೆ ಅದು. ಹನ್ನೊಂದು ತಿಂಗಳು ದುಡಿದೆ. ಸಣ್ಣದಾಗಿ ಶುರುವಾದ ಲೇಬಲ್ ನಿಯಮಗಳ ಕಡತವನ್ನು ದೊಡ್ಡ ಕೈಪಿಡಿಯಾಗಿ ಬೆಳೆಸಿದೆ. ಒಂದು ವಾರದ ಮುನ್ಸೂಚನೆ ಕೊಟ್ಟು ಗುತ್ತಿಗೆ ಮುಗಿಸಿದರು. ಅದಕ್ಕಿಂತ ನೋವಾದದ್ದು ಬೇರೆ. ಆ ಕೈಪಿಡಿಯ ಒಂದು ಪುಟವನ್ನೂ ಮುಂದಿನ ಸಂದರ್ಶನದಲ್ಲಿ ತೋರಿಸುವ ಹಾಗಿರಲಿಲ್ಲ. ನಾನೇ ಸಹಿ ಹಾಕಿದ ಒಪ್ಪಂದದಲ್ಲಿ ಹಾಗೆ ಬರೆದಿತ್ತು. ಈ ಬರಹದಲ್ಲಿ ‘ಕೈಯಲ್ಲಿ ಏನು ಉಳಿಯುತ್ತದೆ’ ಅಂತ ಮತ್ತೆ ಮತ್ತೆ ಕೇಳುವುದಕ್ಕೆ ಕಾರಣ ಅದು.

ವಿಶ್ವವಿದ್ಯಾಲಯದ ದಾರಿ

ಇಲ್ಲಿನ ಮೆಟ್ಟಿಲುಗಳು ಎಲ್ಲರಿಗೂ ಗೊತ್ತು. ಪಿಎಚ್‌ಡಿ, ಆಮೇಲೆ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನಾ ಹುದ್ದೆ), ಆಮೇಲೆ ಕಾಯಂ ಹುದ್ದೆ. ಆದರೆ ಒಂದೊಂದು ದೇಶದಲ್ಲಿ ಮೆಟ್ಟಿಲಿನ ಎತ್ತರ ಒಂದೊಂದು ಥರ. ಇದನ್ನು ತಿಳಿಯದೆ ಎರಡು ಪಿಎಚ್‌ಡಿ ಅವಕಾಶಗಳನ್ನು ಹೋಲಿಸಲು ಆಗುವುದಿಲ್ಲ.

ನೆದರ್‌ಲ್ಯಾಂಡ್ಸ್‌ನಲ್ಲಿ ಪಿಎಚ್‌ಡಿ ಅಂದರೆ ಸಾಮಾನ್ಯವಾಗಿ 4 ವರ್ಷದ ನೌಕರಿ. ಸಂಬಳ, ರಜೆ, ಪಿಂಚಣಿಯ ಪಾಲು ಎಲ್ಲ ಇರುತ್ತದೆ. ನಾರ್ವೆಯಲ್ಲೂ ನೀವು ನೌಕರರೇ. ಅಲ್ಲಿ ಅವಧಿ 3 ವರ್ಷ. ಪಾಠ ಮುಂತಾದ ವಿಭಾಗದ ಕೆಲಸಕ್ಕೆ ಶೇ. 25ರಷ್ಟು ಸಮಯ ಕೊಡಬೇಕು ಅಂತ ಇದ್ದರೆ 4 ವರ್ಷ. ಜರ್ಮನಿಯ ಜಾಹೀರಾತಿನಲ್ಲಿ ‘ಟಿವಿ-ಎಲ್ ಇ13, ಶೇ. 65’ ಅನ್ನುವಂಥ ಸಾಲು ಕಾಣುತ್ತದೆ. ಟಿವಿ-ಎಲ್ ಅನ್ನುವುದು ಅಲ್ಲಿನ ರಾಜ್ಯಗಳ ಸಾರ್ವಜನಿಕ ನೌಕರರ ವೇತನ ಒಪ್ಪಂದ, ಇ13 ಅದರಲ್ಲಿನ ಒಂದು ದರ್ಜೆ. ಶೇ. 65 ಅಂದರೆ ಆ ದರ್ಜೆಯ ಪೂರ್ತಿ ಸಂಬಳದಲ್ಲಿ ನಿಮಗೆ ಸಿಗುವ ಪಾಲು. ಕಾಗದದ ಮೇಲೆ ಕೆಲಸದ ಗಂಟೆಗಳೂ ಅಷ್ಟೇ. ಆದರೆ ಪ್ರಬಂಧ ಬರೆಯುವವರ ಗಂಟೆಗಳು ಕಾಗದದ ಲೆಕ್ಕಕ್ಕೆ ಸಿಗುವುದಿಲ್ಲ. ಅಮೆರಿಕದಲ್ಲಿ ನೀವು ವಿದ್ಯಾರ್ಥಿ. ಸಾಮಾನ್ಯವಾಗಿ 5 ವರ್ಷ ಅಥವಾ ಅದಕ್ಕೂ ಜಾಸ್ತಿ. ಮೊದಲ ಎರಡು ವರ್ಷ ಹೆಚ್ಚಾಗಿ ತರಗತಿಗಳಲ್ಲೇ ಹೋಗುತ್ತದೆ. ಬೋಧನಾ ಸಹಾಯಕರಾಗಿ ದುಡಿದು ಸ್ಟೈಪೆಂಡ್ ಪಡೆಯುತ್ತೀರಿ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಯಾವ ವಿಷಯದ ಮೇಲೆ ಕೆಲಸ ಮಾಡಬೇಕು ಅಂತ ಈಗಾಗಲೇ ಖಚಿತವಾಗಿ ಗೊತ್ತಿದ್ದರೆ ಯುರೋಪಿನ ನೌಕರಿ ಥರದ ಪಿಎಚ್‌ಡಿ ಒಳ್ಳೆಯದು. ಧ್ವನಿವಿಜ್ಞಾನವೋ, ವಾಕ್ಯರಚನೆಯೋ, ಕಂಪ್ಯೂಟರ್ ಬಳಸುವ ಗಣಕ ಭಾಷಾವಿಜ್ಞಾನವೋ ಅಂತ ಇನ್ನೂ ಮನಸ್ಸು ಓಡಾಡುತ್ತಿದ್ದರೆ ಅಮೆರಿಕದ ಉದ್ದದ ದಾರಿಯೇ ವಾಸಿ. ಆ ಮೊದಲ ಎರಡು ವರ್ಷ ವ್ಯರ್ಥ ಅಂತ ಅನೇಕರು ಗೊಣಗುತ್ತಾರೆ. ಆದರೆ ದಾರಿ ಬದಲಿಸಿಕೊಳ್ಳುವ ಅವಕಾಶ ಆಮೇಲೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಪೋಸ್ಟ್‌ಡಾಕ್‌ನಲ್ಲಿ ಕೇಳಬೇಕಾದ ಪ್ರಶ್ನೆ ಒಂದು: ಈ ಯೋಜನೆ ಯಾರದು? ಬೇರೆಯವರ ಅನುದಾನದಲ್ಲಿ ಅವರ ಪ್ರಶ್ನೆಗೆ ಉತ್ತರ ಹುಡುಕುವ ಪೋಸ್ಟ್‌ಡಾಕ್ ಒಂದು ಬಗೆ. ನಿಮ್ಮದೇ ಪ್ರಶ್ನೆ ಇಟ್ಟುಕೊಂಡು ಫೆಲೋಶಿಪ್ ಗೆಲ್ಲುವುದು ಇನ್ನೊಂದು ಬಗೆ. ಎರಡನೆಯದಕ್ಕೆ ಯುರೋಪಿನ ಮೇರಿ ಸ್ಕ್ಲೊಡೊವ್ಸ್ಕಾ-ಕ್ಯೂರಿ ಫೆಲೋಶಿಪ್ ಒಳ್ಳೆಯ ಉದಾಹರಣೆ. ಅದಕ್ಕೆ ಅರ್ಜಿ ಹಾಕುವವರು ಹಿಂದಿನ 36 ತಿಂಗಳಲ್ಲಿ, ತಾವು ಹೋಗಬೇಕೆಂದಿರುವ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ಇದ್ದಿರಬಾರದು. ಹಾಗಾಗಿ ಒಂದು ದೇಶದ ಪ್ರಾಜೆಕ್ಟ್ ಪೋಸ್ಟ್‌ಡಾಕ್ ಒಪ್ಪಿಕೊಳ್ಳುವ ಮುಂಚೆ ಈ ಲೆಕ್ಕ ನೋಡಿಕೊಳ್ಳಿ. ಅಲ್ಲೇ ಎರಡು ವರ್ಷ ಕೂತರೆ, ಅದೇ ದೇಶದಲ್ಲಿ ಈ ಫೆಲೋಶಿಪ್ಪಿನ ಬಾಗಿಲು ಮುಚ್ಚಿದ ಹಾಗೆ. ಜರ್ಮನಿಯಲ್ಲಿ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಅಲ್ಲಿನ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಪಿಎಚ್‌ಡಿಗೆ ಮುಂಚೆ 6 ವರ್ಷ, ನಂತರ 6 ವರ್ಷ ಮಾತ್ರ ಇಂಥ ತಾತ್ಕಾಲಿಕ ಹುದ್ದೆಗಳಲ್ಲಿ ಇಟ್ಟುಕೊಳ್ಳಬಹುದು. ಮಕ್ಕಳಿದ್ದರೆ ಸ್ವಲ್ಪ ವಿಸ್ತರಣೆ ಸಿಗುತ್ತದೆ.

ಇನ್ನು ಕಾಯಂ ಹುದ್ದೆ. ಅಮೆರಿಕದಲ್ಲಿ ಟೆನ್ಯೂರ್ ಟ್ರ್ಯಾಕ್ ಅಂದರೆ ಸೇರಿದ ದಿನವೇ ಕಾಯಂ ಅಲ್ಲ. ಸಾಮಾನ್ಯವಾಗಿ 6ನೇ ವರ್ಷದಲ್ಲಿ ನಿಮ್ಮ ಸಂಶೋಧನೆ, ಬೋಧನೆ, ವಿಭಾಗಕ್ಕೆ ಮಾಡಿದ ಸೇವೆ ಎಲ್ಲವನ್ನೂ ಅಳೆಯುತ್ತಾರೆ. ಗೆದ್ದರೆ ಕಾಯಂ, ಇಲ್ಲದಿದ್ದರೆ ಮೂಟೆ ಕಟ್ಟಬೇಕು. ಜಾಹೀರಾತುಗಳು ಹೆಚ್ಚಾಗಿ ಆಗಸ್ಟ್‌ನಿಂದ ಅಕ್ಟೋಬರ್ ನಡುವೆ ಬರುತ್ತವೆ. ವರ್ಷದ ಕೊನೆಯ ಹೊತ್ತಿಗೆ ಮೊದಲ ಸುತ್ತಿನ ಸಂದರ್ಶನ, ಹೊಸ ವರ್ಷದ ಮೊದಲ ತಿಂಗಳುಗಳಲ್ಲಿ ಕ್ಯಾಂಪಸ್ಸಿಗೆ ಕರೆ, ಕೆಲಸಕ್ಕೆ ಸೇರುವುದು ಮುಂದಿನ ಆಗಸ್ಟ್‌ನಲ್ಲಿ. ಅಂದರೆ ಅರ್ಜಿ ಹಾಕಿದ ದಿನದಿಂದ ಮೊದಲ ಸಂಬಳದವರೆಗೆ ಹತ್ತಿರಹತ್ತಿರ ಒಂದು ವರ್ಷ. ಕಂಪನಿಗಳಲ್ಲಿ ಇದು ವಾರಗಳ ಲೆಕ್ಕ, ಹೆಚ್ಚೆಂದರೆ ಕೆಲವು ತಿಂಗಳು. ಎರಡು ಕಡೆಗೂ ಪ್ರಯತ್ನ ಮಾಡುವವರು ಈ ವ್ಯತ್ಯಾಸಕ್ಕೆ ತಯಾರಾಗಿರಬೇಕು. ಕಂಪನಿಯ ಆಫರ್ ಅಕ್ಟೋಬರ್‌ನಲ್ಲಿ ಬಂದು ಹತ್ತು ದಿನದಲ್ಲಿ ಉತ್ತರ ಕೇಳುತ್ತದೆ. ವಿಶ್ವವಿದ್ಯಾಲಯ ಆಗ ನಿಮ್ಮ ಅರ್ಜಿಯನ್ನು ತೆರೆದೂ ನೋಡಿರುವುದಿಲ್ಲ.

ಒಂದು ವರ್ಷದ ವಿಸಿಟಿಂಗ್ ಹುದ್ದೆಗಳ ಬಗ್ಗೆ ಒಂದು ಮಾತು. ಸಾಮಾನು ಸಾಗಿಸಿ, ಮನೆ ಹುಡುಕಿ, ಮೊದಲ ಪಾಠ ಮುಗಿಸುವ ಹೊತ್ತಿಗೆ ಮುಂದಿನ ವರ್ಷದ ಅರ್ಜಿಗಳ ಕಾಲ ಬಂದಿರುತ್ತದೆ. ನೀವು ಹಿಂದೆಂದೂ ಕಲಿಸದ ಒಂದು ಕೋರ್ಸನ್ನು ಸ್ವತಂತ್ರವಾಗಿ ಕಲಿಸಲು ಅಲ್ಲಿ ಅವಕಾಶ ಇದೆಯಾ ಅಂತ ಕೇಳಿ. ಇದ್ದರೆ ಹೋಗಿ. ಬೇರೆಯವರ ಕೋರ್ಸಿನ ಉತ್ತರಪತ್ರಿಕೆ ತಿದ್ದುವುದಷ್ಟೇ ಆದರೆ ಬೇಡ.

ಒಂದೇ ವಿಷಯ, ಎರಡು ವಿಭಾಗ

ಗಣಕ ಭಾಷಾವಿಜ್ಞಾನದ ಬೋಧಕ ಹುದ್ದೆ ಎರಡು ಕಡೆ ಹುಟ್ಟುತ್ತದೆ. ಭಾಷಾವಿಜ್ಞಾನ ವಿಭಾಗದಲ್ಲಿ ಒಮ್ಮೆ, ಕಂಪ್ಯೂಟರ್ ವಿಜ್ಞಾನ ವಿಭಾಗದಲ್ಲಿ ಒಮ್ಮೆ. ಜಾಹೀರಾತಿನ ಸಾಲುಗಳು ಬಹುತೇಕ ಒಂದೇ ಥರ ಇರುತ್ತವೆ. ಬದುಕು ಮಾತ್ರ ಬೇರೆ.

ಭಾಷಾವಿಜ್ಞಾನ ವಿಭಾಗಕ್ಕೆ ಹೋದರೆ ಅಲ್ಲಿ ಗಣಕದವರು ಬಹಳ ಸಲ ನೀವೊಬ್ಬರೇ. ಪೈಥಾನ್ ಪರಿಚಯದ ತರಗತಿ ನಿಮ್ಮದು. ಸಹೋದ್ಯೋಗಿಗಳ ಅಂಕಿಅಂಶದ ಪ್ರಶ್ನೆಗಳೂ ನಿಮ್ಮ ಬಾಗಿಲಿಗೇ ಬರುತ್ತವೆ. ಆದರೆ ಅಲ್ಲಿ ಯಾರೂ ‘ಈ ಭಾಷೆಗೆ ಡೇಟಾ ಕಮ್ಮಿ, ಬಿಡಿ’ ಅನ್ನುವುದಿಲ್ಲ. ಒಂದು ಪ್ರತ್ಯಯದ ಬಗ್ಗೆ ಎರಡು ವರ್ಷ ಯೋಚಿಸಿದರೆ ಅದನ್ನು ಕೆಲಸ ಅಂತಲೇ ಎಣಿಸುತ್ತಾರೆ. ಕಂಪ್ಯೂಟರ್ ವಿಭಾಗದಲ್ಲಿ ಸಾಮಾನ್ಯವಾಗಿ ಸಂಬಳ ಜಾಸ್ತಿ, ಯಂತ್ರಗಳು ಜಾಸ್ತಿ, ವಿದ್ಯಾರ್ಥಿಗಳೂ ಜಾಸ್ತಿ. ವೇಗವೂ ಜಾಸ್ತಿ.

ಪ್ರಕಟಣೆಯ ಲೆಕ್ಕವೇ ಬೇರೆ ಅನ್ನುವುದು ಮುಖ್ಯ. ಭಾಷಾವಿಜ್ಞಾನದಲ್ಲಿ ತೂಕ ಇರುವುದು ಜರ್ನಲ್‌ಗಳಿಗೆ, ಪುಸ್ತಕಗಳಿಗೆ. ಅಮೆರಿಕದ ಭಾಷಾವಿಜ್ಞಾನ ಸಂಘ 1924ರಲ್ಲಿ ಹುಟ್ಟಿತು. ಅದರ ‘ಲ್ಯಾಂಗ್ವೇಜ್’ ಪತ್ರಿಕೆ 1925ರಿಂದ ಬರುತ್ತಿದೆ. ಅಂಥ ಕಡೆ ಒಂದು ಲೇಖನ ಒಪ್ಪಿಗೆಯಾಗಲು ವರ್ಷಗಳೇ ಹಿಡಿಯಬಹುದು. ಗಣಕದ ಕಡೆ ತೂಕ ಸಮ್ಮೇಳನದ ಪ್ರಬಂಧಕ್ಕೆ. 1962ರಲ್ಲಿ ಶುರುವಾದ ಎಸಿಎಲ್ ಅನ್ನುವ ಗಣಕ ಭಾಷಾವಿಜ್ಞಾನ ಸಂಘದ ವಾರ್ಷಿಕ ಸಮ್ಮೇಳನ ಮತ್ತು ಅದರ ಜೊತೆಗಿನ ಇಎಂಎನ್‌ಎಲ್‌ಪಿ ಸಮ್ಮೇಳನದಲ್ಲಿ ಪ್ರಬಂಧ ಬಂದರೆ ಅದು ಒಳ್ಳೆಯ ಜರ್ನಲ್ ಲೇಖನಕ್ಕೆ ಸಮ. ಒಂದು ಕಡೆಗೆ ಹೊಂದುವ ಸಿವಿ ಇನ್ನೊಂದು ಕಡೆಯವರ ಕಣ್ಣಿಗೆ ಬಡವಾಗಿ ಕಾಣುತ್ತದೆ. ಪಿಎಚ್‌ಡಿಯ ಎರಡನೇ ವರ್ಷದಲ್ಲೇ ಯಾವ ಕಡೆ ವಾಲಬೇಕು ಅಂತ ಯೋಚಿಸಿಬಿಡಿ. ಎರಡು ದೋಣಿಯಲ್ಲಿ ಕಾಲಿಟ್ಟು ಐದು ವರ್ಷ ಕಳೆದವರನ್ನು ನೋಡಿದ್ದೇನೆ, ಬಹಳ ಕಷ್ಟ ಪಟ್ಟರು.

ಕಂಪನಿಯ ಒಳಗೆ: ಹಚ್ಚುವವರು, ಬರೆಯುವವರು, ಕಟ್ಟುವವರು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಜನ ಎಡವುವುದು ಇಲ್ಲೇ.

‘ಹತ್ತು ಮೆಟ್ಟಿಲು ಹತ್ತು’ ಅನ್ನುವ ವಾಕ್ಯ ತಗೊಳ್ಳಿ. ಮೊದಲ ‘ಹತ್ತು’ ಸಂಖ್ಯೆ, ಕೊನೆಯ ‘ಹತ್ತು’ ಕ್ರಿಯಾಪದ. ಲೇಬಲ್ ಹಚ್ಚುವವರು ಇದನ್ನು ಕಣ್ಣು ಮುಚ್ಚಿ ಗುರುತಿಸುತ್ತಾರೆ. ಈಗ ‘ಊರಿಂದ ಬಂದ’ ಮತ್ತು ‘ಊರಿಂದ ಬಂದ ಹುಡುಗ’ ನೋಡಿ. ಮೊದಲನೆಯದರಲ್ಲಿ ‘ಬಂದ’ ವಾಕ್ಯವನ್ನು ಮುಗಿಸುವ ಕ್ರಿಯಾಪದ. ಎರಡನೆಯದರಲ್ಲಿ ಅದು ಹುಡುಗನನ್ನು ಬಣ್ಣಿಸುತ್ತಿದೆ. ಅದನ್ನು ವಿಶೇಷಣ ಅನ್ನಬೇಕಾ, ಕ್ರಿಯಾಪದದ ಒಂದು ರೂಪ ಅನ್ನಬೇಕಾ? ಇದನ್ನು ಹಚ್ಚುವವರ ಇಷ್ಟಕ್ಕೆ ಬಿಟ್ಟರೆ ಹತ್ತು ಜನ ಹತ್ತು ಥರ ಹಚ್ಚುತ್ತಾರೆ. ಹಾಗಾಗದಂತೆ ನಿಯಮ ಬರೆಯುವವರು ಬೇಕು. ‘ಯೂನಿವರ್ಸಲ್ ಡಿಪೆಂಡೆನ್ಸೀಸ್’ ಅನ್ನುವ ಅಂತರರಾಷ್ಟ್ರೀಯ ಯೋಜನೆ ಎಲ್ಲ ಭಾಷೆಗಳಿಗೂ ಸೇರಿ 17 ಪದವರ್ಗಗಳನ್ನು ಮಾತ್ರ ಇಟ್ಟುಕೊಂಡಿದೆ. ಆ 17ರೊಳಗೆ ನಿಮ್ಮ ಭಾಷೆಯ ಪದಗಳನ್ನು ಹೇಗೆ ಕೂರಿಸಬೇಕು ಅನ್ನುವುದು ನಿಜವಾದ ಭಾಷಾವಿಜ್ಞಾನದ ಕೆಲಸ.

ಅಂದರೆ ಮೂರು ಬಗೆಯ ಜನ. ‘ಬಂದ’ದ ಮೇಲೆ ಲೇಬಲ್ ಹಚ್ಚುವವರು ಅನ್ನೋಟೇಟರ್. ‘ಬಂದ’ಕ್ಕೆ ಯಾವ ಲೇಬಲ್ ಅಂತ ತೀರ್ಮಾನಿಸಿ, ಹಚ್ಚುವವರಿಗೆ ಕಲಿಸಿ, ತಪ್ಪುಗಳನ್ನು ಅಳೆಯುವವರು ಅನಲಿಟಿಕಲ್ ಲಿಂಗ್ವಿಸ್ಟ್, ಲ್ಯಾಂಗ್ವೇಜ್ ಇಂಜಿನಿಯರ್ ಮುಂತಾದ ಹೆಸರಿನವರು. ಆ ಲೇಬಲ್‌ಗಳಿಂದ ಕಲಿಯುವ ಮಾದರಿ ಕಟ್ಟುವವರು ಎನ್‌ಎಲ್‌ಪಿ (ಯಂತ್ರಕ್ಕೆ ಭಾಷೆ ಕಲಿಸುವ ತಂತ್ರಜ್ಞಾನ) ಇಂಜಿನಿಯರ್.

ಎರಡನೇ ಬಗೆಯ ಹುದ್ದೆಗೆ ಹೋಗುವವರಿಗೆ ಸಂದರ್ಶನದಲ್ಲಿ ಬರಬಹುದಾದ ಒಂದು ಪ್ರಶ್ನೆಯನ್ನು ಇಲ್ಲೇ ಬಿಡಿಸಿ ತೋರಿಸುತ್ತೇನೆ. ಇಬ್ಬರು ಸೇರಿ 100 ಅಭಿಪ್ರಾಯಗಳಿಗೆ ‘ಮೆಚ್ಚುಗೆ’ ಅಥವಾ ‘ದೂರು’ ಅಂತ ಲೇಬಲ್ ಹಚ್ಚಿದರು. 80ರಲ್ಲಿ ಇಬ್ಬರೂ ಒಂದೇ ಉತ್ತರ ಕೊಟ್ಟರು. ಚೆನ್ನಾಗಿದೆಯಾ? ಇಬ್ಬರೂ ಅರ್ಧ ಮೆಚ್ಚುಗೆ, ಅರ್ಧ ದೂರು ಅಂತ ಹಚ್ಚಿದ್ದರೆ, ಸುಮ್ನೆ ನಾಣ್ಯ ಚಿಮ್ಮಿದರೂ 50ರಲ್ಲಿ ಹೊಂದಿಕೆ ಬರುತ್ತಿತ್ತು. ಉಳಿದ 50ರಲ್ಲಿ ಅವರು ಗಳಿಸಿದ್ದು 30. ಹಾಗಾಗಿ ಅಂಕ 0.6. ಇದನ್ನು ಕೋಹೆನ್ ಕಪ್ಪಾ ಅನ್ನುತ್ತಾರೆ, ಜೇಕಬ್ ಕೋಹೆನ್ 1960ರಲ್ಲಿ ಕೊಟ್ಟ ಅಳತೆ. ಈಗ ಇನ್ನೊಂದು ಜೋಡಿ. ಅವರಿಗೆ 84ರಲ್ಲಿ ಹೊಂದಿಕೆ ಬಂತು. ಆದರೆ ಇಬ್ಬರೂ ತಲಾ 90 ಅಭಿಪ್ರಾಯಗಳಿಗೆ ಮೆಚ್ಚುಗೆ ಅಂತಲೇ ಹಚ್ಚಿದ್ದರು. ಆಗ ಆಕಸ್ಮಿಕವಾಗಿಯೇ 82ರಲ್ಲಿ ಹೊಂದಿಕೆ ಬರುತ್ತದೆ (0.9 × 0.9 + 0.1 × 0.1 = 0.82). ಉಳಿದ 18ರಲ್ಲಿ ಗಳಿಸಿದ್ದು ಬರೀ 2. ಅಂಕ ಸುಮಾರು 0.11. ನೋಡಲು 84 ದೊಡ್ಡದು, ನಿಜದಲ್ಲಿ ಈ ಜೋಡಿಗೆ ದೂರು ಅಂದರೇನು ಅನ್ನುವುದರಲ್ಲೇ ಒಮ್ಮತ ಇಲ್ಲ. ಇದನ್ನು ಕಂಡು ‘ನಿಯಮದಲ್ಲಿ ದೂರಿನ ವಿವರಣೆ ಸರಿ ಇಲ್ಲ, ಅದನ್ನು ತಿದ್ದೋಣ’ ಅನ್ನುವವರೇ ಈ ಹುದ್ದೆಗೆ ಬೇಕಾದವರು.

ಈ ಲೆಕ್ಕ ಓದುವಾಗ ನಿಮಗೆ ಖುಷಿ ಆಯಿತಾ? ಹಾಗಿದ್ದರೆ ನಿಯಮ ಬರೆಯುವ ಹುದ್ದೆಗಳ ಕಡೆ ನೋಡಿ. ಅದು ಬೇಸರ ತಂದು, ಇದನ್ನೆಲ್ಲ ಮಾಡುವ ಪ್ರೋಗ್ರಾಂ ಬರೆಯಬೇಕು ಅನ್ನಿಸಿದರೆ ಇಂಜಿನಿಯರ್ ದಾರಿ. ಎರಡೂ ಅಲ್ಲದೆ, ‘ಬಂದ ಹುಡುಗ’ದಲ್ಲಿನ ‘ಬಂದ’ ಏಕೆ ಹಾಗೆ ವರ್ತಿಸುತ್ತದೆ ಅಂತಲೇ ಇನ್ನೂ ಯೋಚಿಸುತ್ತಿದ್ದರೆ ನಿಮ್ಮ ಜಾಗ ವಿಶ್ವವಿದ್ಯಾಲಯ.

ಹಾಗಂತ ಲೇಬಲ್ ಹಚ್ಚುವ ಕೆಲಸ ಕೀಳು ಅಂತ ನಾನು ಹೇಳುತ್ತಿಲ್ಲ. ಭಾಷೆಯ ತಂತ್ರಜ್ಞಾನ ನಿಂತಿರುವುದೇ ಅವರ ಕೈಮೇಲೆ. ಚಾಟ್‌ಜಿಪಿಟಿ ಥರದ ದೊಡ್ಡ ಭಾಷಾ ಮಾದರಿಗಳು ಬಂದ ಮೇಲೆ ಈ ಕೆಲಸದ ಸ್ವರೂಪವೂ ಬದಲಾಗಿದೆ. ಪದವರ್ಗ ಗುರುತಿಸುವುದಕ್ಕಿಂತ, ಯಂತ್ರ ಕೊಟ್ಟ ಎರಡು ಉತ್ತರಗಳಲ್ಲಿ ಯಾವುದು ವಾಸಿ ಅಂತ ಹೇಳುವ ಕೆಲಸ ಜಾಸ್ತಿ ಆಗಿದೆ. ಓಪನ್‌ಎಐ 2022ರಲ್ಲಿ ಪ್ರಕಟಿಸಿದ ಇನ್‌ಸ್ಟ್ರಕ್ಟ್‌ಜಿಪಿಟಿ ಪ್ರಬಂಧದ ಹಿಂದೆ ಇಂಥ ಸುಮಾರು 40 ಗುತ್ತಿಗೆ ಕೆಲಸಗಾರರ ತಂಡ ಇತ್ತು. ಓದುತ್ತಿರುವಾಗ ಖರ್ಚಿಗೆ, ಅಥವಾ ಕ್ಷೇತ್ರದ ಒಳಗೆ ಕಾಲಿಡಲು ಇದು ಒಳ್ಳೆಯ ಬಾಗಿಲು. ಆದರೆ ಗಂಟೆಯ ಲೆಕ್ಕವೋ, ತುಂಡಿನ ಲೆಕ್ಕವೋ ಅಂತ ಮೊದಲೇ ಕೇಳಿಕೊಳ್ಳಿ. ತುಂಡಿನ ಲೆಕ್ಕದಲ್ಲಿ ಕಷ್ಟದ ವಾಕ್ಯದ ಮುಂದೆ ಐದು ನಿಮಿಷ ಯೋಚಿಸಿದವರಿಗೇ ನಷ್ಟ. ಭಾಷೆಯನ್ನು ಪ್ರೀತಿಸುವವರು ಆ ಐದು ನಿಮಿಷ ಯೋಚಿಸಿಯೇ ತೀರುತ್ತಾರೆ.

ಇಂಜಿನಿಯರ್ ದಾರಿ ಹಿಡಿಯುವವರಿಗೆ ಭಾಷಾವಿಜ್ಞಾನ ಬೇಕೇ ಅಂತ ಕೇಳುತ್ತಾರೆ. ಸಂದರ್ಶನ ದಾಟಲು ಪೈಥಾನ್, ಅಲ್ಗಾರಿದಮ್, ಸಂಖ್ಯಾಶಾಸ್ತ್ರ ಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಭಾಷಾವಿಜ್ಞಾನ ಕೈಹಿಡಿಯುವುದು ಒಳಗೆ ಹೋದಮೇಲೆ. ಹುಡುಕುವ ಪೆಟ್ಟಿಗೆಯಲ್ಲಿ ‘ಮನೆ’ ಅಂತ ಹಾಕಿದರೆ ‘ಮನೆಗಳಲ್ಲಿ’, ‘ಮನೆಯವರಿಗೂ’ ಇರುವ ಪುಟಗಳು ಸಿಗುತ್ತಿಲ್ಲ ಅಂದುಕೊಳ್ಳಿ. ಒಬ್ಬರು ‘ಡೇಟಾ ಸಾಲದು’ ಅನ್ನುತ್ತಾರೆ. ಭಾಷೆ ಓದಿದವರು ಪ್ರತ್ಯಯಗಳು ಸರಪಳಿಯಾಗಿ ಸೇರುವುದನ್ನು ತಕ್ಷಣ ಕಾಣುತ್ತಾರೆ. ಇನ್ನೂ ಕೆಳಗೆ ಇಳಿದರೆ, ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು. ‘ಮನೆ’ ಅನ್ನುವುದು ಮ, ನ ಮತ್ತು ಎತ್ವ ಸೇರಿ 9 ಬೈಟ್. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್ ಸಾಕು. ಬೈಟ್‌ಗಳಿಂದ ಪದದ ತುಂಡುಗಳನ್ನು ಕಲಿಯುವ ಟೋಕನೈಸರ್ (ಪಠ್ಯವನ್ನು ತುಂಡು ಮಾಡಿ ಮಾದರಿಗೆ ಕೊಡುವ ಭಾಗ) ಕನ್ನಡವನ್ನು ಏಕೆ ಪುಡಿಪುಡಿ ಮಾಡುತ್ತದೆ ಅನ್ನುವುದಕ್ಕೆ ಇದು ಒಂದು ಕಾರಣ. ಕನ್ನಡದ ಪಠ್ಯ ಕಡಿಮೆ ಸಿಕ್ಕಿರುವುದು ಇನ್ನೊಂದು ಕಾರಣ. ಎರಡನ್ನೂ ಬೇರ್ಪಡಿಸಿ ಹೇಳಬಲ್ಲವರು ತಂಡದಲ್ಲಿ ಬೇಗ ಬೇಕಾದವರಾಗುತ್ತಾರೆ.

ಧ್ವನಿ ತಂತ್ರಜ್ಞಾನದ ಹುದ್ದೆಗಳನ್ನು ಬಹಳ ಜನ ಕಡೆಗಣಿಸುತ್ತಾರೆ, ಕಡೆಗಣಿಸಬೇಡಿ. ಬರಹವನ್ನು ಓದಿ ಹೇಳುವ ಯಂತ್ರಕ್ಕೆ ‘10.30’ ಅನ್ನುವುದು ಹತ್ತೂವರೆ ಗಂಟೆಯೋ, ಹತ್ತು ಪಾಯಿಂಟ್ ಮೂರು ಸೊನ್ನೆಯೋ ಅಂತ ಯಾರೋ ಕಲಿಸಬೇಕು. ಧ್ವನಿವಿಜ್ಞಾನ ಓದಿ, ಪ್ರಾಟ್ ತಂತ್ರಾಂಶದಲ್ಲಿ ಧ್ವನಿಯ ಅಲೆಗಳನ್ನು ನೋಡಿ ಅಭ್ಯಾಸ ಇರುವವರಿಗೆ ಇಲ್ಲಿ ಒಳ್ಳೆಯ ಜಾಗ ಇದೆ.

ಇನ್ನೊಂದು ವಿಷಯ. ‘ಗಣಕದ ಕಡೆ ಹೋದರೆ ಕೆಲಸಕ್ಕೆ ಭಯ ಇಲ್ಲ’ ಅನ್ನುವ ಮಾತನ್ನು ಪೂರ್ತಿ ನಂಬಬೇಡಿ. 1954ರ ಜನವರಿಯಲ್ಲಿ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಮತ್ತು ಐಬಿಎಂ ಸೇರಿ, 250 ಪದ ಮತ್ತು 6 ವ್ಯಾಕರಣ ನಿಯಮ ಇಟ್ಟುಕೊಂಡು ರಷ್ಯನ್ ವಾಕ್ಯಗಳನ್ನು ಯಂತ್ರದಿಂದ ಇಂಗ್ಲಿಷಿಗೆ ತಂದು ತೋರಿಸಿದವು. ದುಡ್ಡು ಹರಿದುಬಂತು. 1966ರಲ್ಲಿ ಅಮೆರಿಕದ ಆಲ್ಪಾಕ್ ತಜ್ಞರ ಸಮಿತಿಯ ವರದಿ ಯಂತ್ರಾನುವಾದ ನಿರೀಕ್ಷೆ ಮುಟ್ಟಿಲ್ಲ ಅಂದಿತು. ಅಮೆರಿಕದಲ್ಲಿ ಆ ಕೆಲಸಕ್ಕೆ ಬರುತ್ತಿದ್ದ ಸರ್ಕಾರಿ ಹಣ ಬತ್ತಿತು. ಈ ಕ್ಷೇತ್ರದಲ್ಲಿ ಅಲೆ ಏರುತ್ತದೆ, ಇಳಿಯುತ್ತದೆ. ಏರುವಾಗ ಸೇರುವವರು ಇಳಿಯುವಾಗ ಏನು ಮಾಡುತ್ತೇನೆ ಅಂತಲೂ ಯೋಚಿಸಿರಬೇಕು.

ಬದಿಯ ದಾರಿಗಳು

ಲೋಕಲೈಸೇಶನ್, ಅಂದರೆ ತಂತ್ರಾಂಶವನ್ನು ಬೇರೆ ಬೇರೆ ಭಾಷೆಗೆ ಒಗ್ಗಿಸುವ ಕೆಲಸ. ಇದು ಬರೀ ಅನುವಾದ ಅಲ್ಲ. ‘5 ಸಂದೇಶಗಳು’ ಅಂತ ಪರದೆಯ ಮೇಲೆ ಬರಬೇಕಾದರೆ ಏಕವಚನ, ಬಹುವಚನದ ನಿಯಮ ಗೊತ್ತಿರಬೇಕು. ಭಾಷೆಗಳ ಇಂಥ ನಿಯಮಗಳನ್ನು ಕೂಡಿಟ್ಟಿರುವ ಯೂನಿಕೋಡ್‌ನ ಸಿಎಲ್‌ಡಿಆರ್ ದತ್ತಾಂಶದಲ್ಲಿ ಕನ್ನಡಕ್ಕೆ ಇಂಥ 2 ವರ್ಗ ಇವೆ, ಅರಬ್ಬಿಗೆ 6. ಇಂಥ ವಿವರ ಇಷ್ಟವಾಗುವವರಿಗೆ ಇದು ಚೆನ್ನ. ಯಂತ್ರಾನುವಾದವನ್ನು ತಿದ್ದಿ ಕೊಡುವ ಕೆಲಸವೇ ಈಗ ಹೆಚ್ಚಾಗುತ್ತಿದೆ. ಅದಕ್ಕೆ ಪದಕ್ಕಿಷ್ಟು ಅಂತ ಕೊಡುವ ದರ ಹೊಸ ಅನುವಾದದ ದರಕ್ಕಿಂತ ಸಾಮಾನ್ಯವಾಗಿ ಕಮ್ಮಿ. ಕೆಟ್ಟ ಯಂತ್ರಾನುವಾದ ತಿದ್ದುವುದು ಹೊಸದಾಗಿ ಬರೆಯುವುದಕ್ಕಿಂತ ಕಷ್ಟ. ಆದ್ದರಿಂದ ಒಪ್ಪಿಕೊಳ್ಳುವ ಮುಂಚೆ ಮಾದರಿ ಕಡತ ಕೇಳಿ ನೋಡಿ.

ಭಾಷಾ ದಾಖಲಾತಿ ನನ್ನ ಮನಸ್ಸಿಗೆ ಬಹಳ ಹತ್ತಿರದ ಕೆಲಸ. ಅಳಿವಿನ ಅಂಚಿನ ಭಾಷೆಗಳ ದಾಖಲಾತಿಗೆ ಹಣ ಕೊಡುವ ಇಎಲ್‌ಡಿಪಿ 2002ರಿಂದ ನಡೆಯುತ್ತಿದೆ, ಈಗ ಬರ್ಲಿನ್‌ನಲ್ಲಿದೆ. ಈ ದಾರಿಯಲ್ಲಿ ಬರುವುದು ಹುದ್ದೆಗಿಂತ ಹೆಚ್ಚಾಗಿ ಅನುದಾನ. ಅದು ಮುಗಿದರೆ ಆದಾಯ ಮುಗಿಯಿತು. ಒಂದು ಗಂಟೆಯ ಮಾತನ್ನು ಎಲಾನ್ ತಂತ್ರಾಂಶದಲ್ಲಿ ಬರೆದು, ಬಿಡಿಸಿ, ಅರ್ಥ ಹಚ್ಚಲು ಹತ್ತಾರು ಗಂಟೆ ಬೇಕು. ಆ ತಾಳ್ಮೆ ಇದೆಯಾ ಅಂತ ಅರ್ಜಿ ಹಾಕುವ ಮುಂಚೆ ನಿಮ್ಮ ಮನೆಯವರದೇ ಐದು ನಿಮಿಷದ ಮಾತು ರೆಕಾರ್ಡ್ ಮಾಡಿ ಬರೆದು ನೋಡಿ. ಆದರೆ ಕೈಯಲ್ಲಿ ಉಳಿಯುವುದರ ವಿಷಯದಲ್ಲಿ ಇದನ್ನು ಮೀರಿಸುವ ಕೆಲಸ ಇಲ್ಲ. ಸಂಗ್ರಹಾಲಯದಲ್ಲಿ ನಿಮ್ಮ ಹೆಸರಿನ ಪಕ್ಕದಲ್ಲಿ ಆ ಭಾಷೆ ಆಡುವವರ ದನಿ ಉಳಿಯುತ್ತದೆ.

ನಿಘಂಟಿನ ಕೆಲಸ ನಿಧಾನದ್ದು, ಹುದ್ದೆಗಳು ಬೆರಳೆಣಿಕೆಯಷ್ಟು. ನ್ಯಾಯಾಲಯದ ಭಾಷಾವಿಜ್ಞಾನ, ಅಂದರೆ ಹೇಳಿಕೆ, ಬೆದರಿಕೆ ಪತ್ರ ಯಾರದು ಅಂತ ಪರಿಶೀಲಿಸುವುದು, ಕೇಳಲು ರೋಚಕ. ಭಾಷಾವಿಜ್ಞಾನಿ ಯಾನ್ ಸ್ವಾರ್ಟ್‌ವಿಕ್ 1968ರಲ್ಲಿ ಆ ಹೆಸರು ಬಳಸಿದಾಗಿನಿಂದ ಅದು ಬೆಳೆದಿದೆ. ಆದರೂ ಹೆಚ್ಚಿನವರಿಗೆ ಅದು ಬೋಧನೆಯ ಜೊತೆಗಿನ ಕೆಲಸ. ಮಾತಿನ ಚಿಕಿತ್ಸೆಗೆ ಭಾಷಾವಿಜ್ಞಾನದ ಪದವಿ ಸಾಲದು. ಬೇರೆ ಚಿಕಿತ್ಸಾ ತರಬೇತಿ, ಬಹಳ ದೇಶಗಳಲ್ಲಿ ಪರವಾನಗಿ ಬೇಕು.

ಆಫರ್ ಕೈಗೆ ಬಂದಾಗ

ಸಹಿ ಹಾಕುವ ಮುಂಚೆ ನಾನು ಈಗ ಕೇಳುವ ಪ್ರಶ್ನೆಗಳು ಹೆಚ್ಚೇನಿಲ್ಲ. ಕಳೆದ ಮಂಗಳವಾರ ಈ ಹುದ್ದೆಯಲ್ಲಿದ್ದವರು ಬೆಳಿಗ್ಗೆಯಿಂದ ಸಂಜೆವರೆಗೆ ಏನು ಮಾಡಿದರು? ‘ಸಾಮಾನ್ಯವಾಗಿ’ ಅಂತ ಶುರುವಾಗುವ ಉತ್ತರ ಬೇಡ, ಮಂಗಳವಾರದ್ದೇ ಬೇಕು. ಗುತ್ತಿಗೆ ಮುಂದುವರಿಸುವ ತೀರ್ಮಾನ ಯಾರದು, ಎಷ್ಟು ದಿನ ಮುಂಚೆ ತಿಳಿಸುತ್ತಾರೆ? ನಾನು ಬರೆದದ್ದರಲ್ಲಿ ಯಾವುದನ್ನು ಹೊರಗೆ ತೋರಿಸಬಹುದು? ಈ ಮೂರನೆಯದಕ್ಕೆ ಉತ್ತರ ಬರಹದಲ್ಲೇ ಬರಲಿ. ಬಾಯಿಮಾತು ಕೊಟ್ಟವರು ನೀವು ಬಿಡುವ ಹೊತ್ತಿಗೆ ಅಲ್ಲಿ ಇರುವುದಿಲ್ಲ.

ನನ್ನ ಜೊತೆ ಓದಿದ ಗೆಳತಿಯೊಬ್ಬಳಿಗೆ ಒಂದೇ ತಿಂಗಳಲ್ಲಿ ಎರಡು ಅವಕಾಶ ಬಂತು. ಒಂದು, ಒಳ್ಳೆಯ ಹೆಸರಿರುವ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷದ ಪೋಸ್ಟ್‌ಡಾಕ್. ಇನ್ನೊಂದು, ಒಂದು ಸಣ್ಣ ಕಂಪನಿಯಲ್ಲಿ ಹನ್ನೆರಡು ತಿಂಗಳ ಗುತ್ತಿಗೆ. ಎಲ್ಲರೂ ಮೊದಲನೆಯದನ್ನೇ ತಗೋ ಅಂದರು. ನಾನೂ ಅದನ್ನೇ ಹೇಳಬೇಕೆಂದಿದ್ದೆ. ಇಬ್ಬರೂ ಕೂತು ಕ್ರಿಯಾಪದಗಳಿಗೆ ಗೆರೆ ಎಳೆದೆವು. ಪೋಸ್ಟ್‌ಡಾಕ್ ಜಾಹೀರಾತಿನಲ್ಲಿ ಸಿಕ್ಕಿದ್ದು: ಸಂಯೋಜಿಸುವುದು, ನಿರ್ವಹಿಸುವುದು, ನೆರವಾಗುವುದು, ವರದಿ ಸಲ್ಲಿಸುವುದು. ‘ಪ್ರಕಟಿಸುವುದು’ ಕೊನೆಯ ಸಾಲಿನಲ್ಲಿ ಒಂದೇ ಸಲ. ಕಂಪನಿಯದರಲ್ಲಿ: ವಿನ್ಯಾಸ ಮಾಡುವುದು, ಬರೆಯುವುದು, ತರಬೇತಿ ಕೊಡುವುದು, ಅಳೆಯುವುದು. ಆಮೇಲೆ ಅವಳು ಎರಡೂ ಕಡೆಗೆ ಒಂದೇ ಪ್ರಶ್ನೆ ಬರೆದು ಕಳಿಸಿದಳು: ನಾನು ಮಾಡುವ ಕೆಲಸವನ್ನು ನನ್ನ ಹೆಸರಿನಲ್ಲಿ ಪ್ರಕಟಿಸಬಹುದಾ? ಕಂಪನಿಯಿಂದ ಎರಡೇ ದಿನದಲ್ಲಿ ಉತ್ತರ ಬಂತು. ಡೇಟಾ ಕೊಡುವುದಿಲ್ಲ, ನಿಯಮಗಳ ಕೈಪಿಡಿಯನ್ನು ಪ್ರಕಟಿಸಬಹುದು ಅಂತ ಒಪ್ಪಂದದಲ್ಲೇ ಸೇರಿಸಿದರು. ಪೋಸ್ಟ್‌ಡಾಕ್ ಕಡೆಯಿಂದ ‘ಅದನ್ನು ಆಮೇಲೆ ನೋಡೋಣ’ ಅಂತ ಬಂತು.

ಅವಳು ಗುತ್ತಿಗೆಗೆ ಸಹಿ ಹಾಕಿದಳು. ಹನ್ನೆರಡು ತಿಂಗಳು ಮುಗಿದು ಮುಂದಿನ ಕೆಲಸಕ್ಕೆ ಅರ್ಜಿ ಹಾಕುವಾಗ ಸಿವಿಯ ಮೊದಲ ಸಾಲಿನಲ್ಲೇ ಆ ಕೈಪಿಡಿಯ ಕೊಂಡಿ ಇತ್ತು. ಸಂದರ್ಶನ ಮಾಡಿದವರು ಅದರ ಒಂದು ಪುಟ ತೆರೆದು, ‘ಇಲ್ಲಿ ಹೀಗೇಕೆ ತೀರ್ಮಾನಿಸಿದಿರಿ?’ ಅಂತ ಕೇಳಿದರಂತೆ. ಮಾತು ಮುಕ್ಕಾಲು ಗಂಟೆ ಅಲ್ಲೇ ನಡೆಯಿತು.